ಇಂಡಿಯಿಂದ ಮೂವತ್ತು ಸಲ: ಖಿನ್ನತೆಗೆ ಅಯಸ್ಕಾಂತ ಚಿಕಿತ್ಸೆ ನಡೆದುಬಂದ ದಾರಿ

"ತಲಿಗೆ ಕರೆಂಟ್ ಕೊಡಸೂದಂದ್ರ ನಾ ಒಲ್ಲೆಪಾ."

ಇಂಡಿ ತಾಲ್ಲೂಕಿನ ನಮ್ಮ ಕಾಕಾ ಹೀಗೆಂದು ಚಹಾದ ಕಪ್ಪು ಕೆಳಗಿಟ್ಟರು. ಅವರ ಹೆಂಡತಿ, ನಮ್ಮ ಕಾಕು, ಮಾತು ಕಡಿಮೆ ಮಾಡಿ ಆಗಲೇ ಎಂಟು ತಿಂಗಳಾಗಿತ್ತು. ಲಿಂಬೆ ತೋಟದ ಕಡೆ ಹೋಗುತ್ತಿರಲಿಲ್ಲ, ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ, ನಸುಕಿನ ಮೂರಕ್ಕೇ ಎಚ್ಚರಾಗಿ ಗೋಡೆ ನೋಡುತ್ತ ಕೂರುತ್ತಿದ್ದಳು. "ಏನೋ ಮನಸ್ಸಿಗೆ ಹಚ್ಚಿಕೊಂಡಾಳ" ಎಂದು ಮನೆಯವರು ಮೊದಲು ಸುಮ್ಮನಿದ್ದರು. ಆಮೇಲೆ ಅಂಗಾರ, ತಾಯತ ಎಲ್ಲ ಮುಗಿಯಿತು. ಕಡೆಗೆ ವಿಜಯಪುರದ ಮನೋವೈದ್ಯರೊಬ್ಬರು ಇದು ತೀವ್ರ ಖಿನ್ನತೆ ಎಂದರು. ಎರಡು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಿದರೂ ಗುಣ ಕಾಣದಿದ್ದಾಗ ಅವರೇ ಟಿಎಂಎಸ್‌ನ ಮಾತು ತೆಗೆದದ್ದು. ತಲೆಯ ಹೊರಗಿನಿಂದಲೇ ಅಯಸ್ಕಾಂತದ ಮಿಡಿತ ಕೊಟ್ಟು ಮೆದುಳನ್ನು ಚುರುಕುಗೊಳಿಸುವ ಚಿಕಿತ್ಸೆ ಅದು. ಕಾಕಾನಿಗೆ ಕೇಳಿಸಿದ್ದು ಮಾತ್ರ "ಕರೆಂಟ್".

ಅವರದು ಸುಮ್ಮನೆ ಹುಟ್ಟಿದ ಭಯವಲ್ಲ. ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ಇವನ್ನ ಧಾರವಾಡಕ್ಕ ಕಳಸಬೇಕು" ಎನ್ನುವುದು ಈಗಲೂ ಬೈಗುಳ. ಬ್ರಿಟಿಷರ ಕಾಲದಿಂದಲೂ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ. ಆ ಬೈಗುಳದ ಬೆನ್ನಿಗೇ ಶಾಕ್ ಟ್ರೀಟ್‌ಮೆಂಟಿನ ಕಥೆಗಳೂ ಬರುತ್ತವೆ. 1938ರ ಏಪ್ರಿಲ್‌ನಲ್ಲಿ ರೋಮ್ ನಗರದಲ್ಲಿ ಉಗೊ ಚೆರ್ಲೆಟ್ಟಿ ಮತ್ತು ಲೂಚಿಯೊ ಬಿನಿ ಮೊದಲ ಸಲ ರೋಗಿಯೊಬ್ಬನ ತಲೆಗೆ ವಿದ್ಯುತ್ ಹಾಯಿಸಿ ಫಿಟ್ಸ್ ಬರಿಸಿದರು. ಆರಂಭದ ವರ್ಷಗಳಲ್ಲಿ ಅರಿವಳಿಕೆ ಇರುತ್ತಿರಲಿಲ್ಲ. ಮೈ ಸೆಟೆದು ಮೂಳೆ ಮುರಿದವರೂ ಇದ್ದರು. ಇಂದು ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆ ಅರಿವಳಿಕೆಯಿಲ್ಲದೆ ಶಾಕ್ ಕೊಡುವುದನ್ನು ನಿಷೇಧಿಸಿದೆ. ಅನ್ನ ನೀರು ಬಿಟ್ಟು ಮಲಗಿದವರಿಗೆ, ಜೀವ ಕಳೆದುಕೊಳ್ಳುವ ಯೋಚನೆ ಬಿಡದೆ ಕಾಡುವವರಿಗೆ ಸರಿಯಾಗಿ ಕೊಟ್ಟ ಶಾಕ್ ಚಿಕಿತ್ಸೆಯಷ್ಟು ಬೇಗ ಕೈಹಿಡಿಯುವುದು ಇವತ್ತಿಗೂ ಕಡಿಮೆ. ಆದರೂ ಹಳೆಯ ಹೆದರಿಕೆ ಮನೆಮನೆಯಲ್ಲಿ ಉಳಿದಿದೆ. ಅಯಸ್ಕಾಂತ ಚಿಕಿತ್ಸೆ ಆ ಹೆದರಿಕೆಯ ಭಾರವನ್ನೂ ಹೊರಬೇಕಾಗಿದೆ.

ಇದು ಹೇಗೆ ಬೇರೆ ಎಂಬುದನ್ನು ನಾನು ಕಾಕಾನಿಗೆ ಹೊಲದ ಬದುವಿನ ಟಿಸಿ ತೋರಿಸಿ ಹೇಳಿದೆ. ಪಂಪ್‌ಸೆಟ್ಟಿಗೆ ಕರೆಂಟ್ ಇಳಿಸುವ ಆ ಟ್ರಾನ್ಸ್‌ಫಾರ್ಮರ್‌ನೊಳಗೆ ಎರಡು ತಂತಿ ಸುರುಳಿಗಳಿವೆ. ಅವು ಒಂದಕ್ಕೊಂದು ತಾಗಿಲ್ಲ. ಮೊದಲ ಸುರುಳಿಯಲ್ಲಿ ವಿದ್ಯುತ್ ಏರಿಳಿದಂತೆ ಸುತ್ತಲಿನ ಅಯಸ್ಕಾಂತ ಕ್ಷೇತ್ರವೂ ಏರಿಳಿಯುತ್ತದೆ, ಅದರಿಂದ ಎರಡನೆಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವಿದು. ಟಿಎಂಎಸ್‌ನಲ್ಲಿ ಮೊದಲ ಸುರುಳಿ ತಲೆಯ ಮೇಲಿರುತ್ತದೆ, ಎರಡನೆಯ ಸುರುಳಿಯ ಜಾಗದಲ್ಲಿ ಮೆದುಳಿನ ನರಗಳಿರುತ್ತವೆ. ಸಾವಿರಾರು ಆಂಪಿಯರ್ ವಿದ್ಯುತ್ ಸೆಕೆಂಡಿನ ಸಾವಿರದೊಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಸುರುಳಿಯಲ್ಲಿ ಹರಿದು ನಿಲ್ಲುತ್ತದೆ. ಆ ಮಿಡಿತ ಬುರುಡೆ ದಾಟಿ ಎರಡು ಮೂರು ಸೆಂಟಿಮೀಟರ್ ಆಳದವರೆಗೆ ಮುಟ್ಟುತ್ತದೆ. ಸಂತೆಯಲ್ಲಿ ಮಾರುವ ಮ್ಯಾಗ್ನೆಟ್ ಬಳೆ, ಬೆಲ್ಟುಗಳಿಂದ ಇದು ಆಗದು. ಅವುಗಳ ಅಯಸ್ಕಾಂತ ಸುಮ್ಮನೆ ಕುಳಿತಿರುತ್ತದೆ, ಏರಿಳಿಯುವುದಿಲ್ಲ. ಅವುಗಳಿಗೆ ದುಡ್ಡು ಸುರಿದವರನ್ನು ಕಂಡಿದ್ದೇನೆ, ಅದಕ್ಕೇ ಈ ಮಾತು.

ತತ್ವ ಹಳೆಯದಾದರೂ ಯಂತ್ರ ಕೈಗೆ ಬರಲು ಒಂದೂವರೆ ಶತಮಾನ ಬೇಕಾಯಿತು. 1980ರಲ್ಲಿ ಮರ್ಟನ್ ಮತ್ತು ಮಾರ್ಟನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಎಚ್ಚರವಿರುವ ಮನುಷ್ಯನ ನೆತ್ತಿಗೇ ವಿದ್ಯುತ್ ಕೊಟ್ಟು ಕೈ ಅಲುಗಿಸಿದರು, ಆದರೆ ಅದು ತುಂಬ ನೋಯುತ್ತಿತ್ತು. 1985ರಲ್ಲಿ ಶೆಫೀಲ್ಡ್‌ನ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಅದನ್ನೇ ಅಯಸ್ಕಾಂತದ ಸುರುಳಿಯಿಂದ, ನೋವಿಲ್ಲದೆ ಮಾಡಿ ತೋರಿಸಿದರು. ಚಟ್ ಎಂದು ಸದ್ದಾಗುತ್ತಿತ್ತು, ಕೈ ತಾನಾಗಿ ಅಲುಗುತ್ತಿತ್ತು. ಅವರ ಉದ್ದೇಶ ನರಗಳ ಪರೀಕ್ಷೆ. ಮನಸ್ಸಿನ ಕಾಯಿಲೆಯ ಯೋಚನೆ ಅಲ್ಲಿರಲಿಲ್ಲ.

ಅದೇ 1985ರಲ್ಲಿ ನಮ್ಮ ರಾಜ್ಯದಲ್ಲೂ ಒಂದು ಕೆಲಸ ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರವೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿತು. ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿಯಾಯಿತು. ಶೆಫೀಲ್ಡ್‌ನಲ್ಲಿ ಯಂತ್ರ, ಬಳ್ಳಾರಿಯಲ್ಲಿ ದಾರಿ. ನನ್ನ ಮಟ್ಟಿಗೆ ಎರಡೂ ಒಂದೇ ತೂಕದ ಶೋಧಗಳು.

ಕೈಯಿಂದ ಮನಸ್ಸಿಗೆ ಬರಲು ಹತ್ತು ವರ್ಷ ಹಿಡಿಯಿತು. ಖಿನ್ನತೆಯಲ್ಲಿ ಹಣೆಯ ಹಿಂಬದಿಯ ಮೆದುಳಿನ ಎಡಭಾಗ ಮಂಕಾಗಿರುತ್ತದೆಂದು ಸ್ಕ್ಯಾನ್‌ಗಳು ಸೂಚಿಸುತ್ತಿದ್ದವು. 1995ರಲ್ಲಿ ಅಮೆರಿಕದ ಮಾರ್ಕ್ ಜಾರ್ಜ್ ಅದೇ ಜಾಗಕ್ಕೆ ಮಿಡಿತ ಕೊಟ್ಟರು. ರೋಗಿಗಳು ಆರೇ ಮಂದಿ. ಇಬ್ಬರಲ್ಲಿ ಎದ್ದುಕಾಣುವ ಸುಧಾರಣೆ. ಮರುವರ್ಷ ಸ್ಪೇನ್‌ನಲ್ಲಿ ಪಾಸ್ಕುವಲ್-ಲಿಯೋನೆ ತಂಡ 17 ಮಂದಿಯಲ್ಲಿ 11 ಮಂದಿಗೆ ಗುಣ ಕಂಡಿತೆಂದು ವರದಿ ಮಾಡಿತು. 2007ರಲ್ಲಿ 301 ರೋಗಿಗಳ ದೊಡ್ಡ ಪರೀಕ್ಷೆಯ ಫಲ ಬಂತು. ಸದ್ದು ಮಾತ್ರ ಮಾಡುವ ತೋರಿಕೆಯ ಸುರುಳಿಗಿಂತ ನಿಜವಾದದ್ದು ಮೇಲೆನಿಸಿತು, ಅಂತರ ಮಾತ್ರ ಹೇಳಿಕೊಳ್ಳುವಂಥದ್ದಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2010ರಲ್ಲಿ 190 ಜನರ ಇನ್ನೊಂದು ಪರೀಕ್ಷೆಯಲ್ಲಿ ನಿಜ ಚಿಕಿತ್ಸೆ ಪಡೆದವರಲ್ಲಿ ಶೇ 14ರಷ್ಟು, ತೋರಿಕೆಯದ್ದು ಪಡೆದವರಲ್ಲಿ ಶೇ 5ರಷ್ಟು ಮಂದಿ ಪೂರ್ತಿ ಚೇತರಿಸಿಕೊಂಡರು.

2018ರ ಒಂದು ಪರೀಕ್ಷೆ ನನ್ನನ್ನು ಬಹಳ ದಿನ ಕಾಡಿತು. ಅಮೆರಿಕದ 164 ಮಾಜಿ ಸೈನಿಕರಲ್ಲಿ ನಿಜ ಚಿಕಿತ್ಸೆಯಿಂದ ಶೇ 41, ತೋರಿಕೆಯ ಚಿಕಿತ್ಸೆಯಿಂದ ಶೇ 37 ಮಂದಿ ಚೇತರಿಸಿಕೊಂಡರು. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಚಿಕಿತ್ಸೆಯೇ ಸುಳ್ಳು ಎಂದು ಇದರಿಂದ ತೀರ್ಮಾನಿಸುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬೇರೆ ಹಲವು ಪರೀಕ್ಷೆಗಳು ಅದರ ಪರವಾಗಿವೆ. ಆದರೆ ದಿನಾಲೂ ಎದ್ದು ಸ್ನಾನ ಮಾಡಿ ಹೊರಟು, "ಇವತ್ತ ಹ್ಯಾಂಗದೀರಿ" ಎಂದು ಕೇಳುವ ಒಬ್ಬರ ಎದುರು ಕುಳಿತು ಬರುವುದಕ್ಕೂ ಗುಣವಿದೆಯೇನೋ ಎಂದು ಆ ಅಂಕಿಗಳನ್ನು ನೋಡಿದಾಗಲೆಲ್ಲ ಅನಿಸುತ್ತದೆ.

ಆ "ದಿನಾಲೂ" ಎಂಬುದೇ ಇಲ್ಲಿ ತೊಡಕು. ಮೂಲ ವಿಧಾನದಲ್ಲಿ ಒಂದು ಸಲಕ್ಕೆ 37 ನಿಮಿಷ 30 ಸೆಕೆಂಡು, 3,000 ಮಿಡಿತ. ವಾರಕ್ಕೆ ಐದು ದಿನದಂತೆ ಆರು ವಾರ, ಅಂದರೆ 30 ಸಲ. ಕುರ್ಚಿಯಲ್ಲಿ ಎಚ್ಚರವಾಗಿಯೇ ಕುಳಿತಿರಬೇಕು. ಮೊದಲ ದಿನ ಹೆಬ್ಬೆರಳು ಅಲುಗುವ ಮಟ್ಟ ನೋಡಿ ಮಿಡಿತದ ಬಲ ಗೊತ್ತುಮಾಡುತ್ತಾರೆ. ಕಿವಿಗೆ ಪ್ಲಗ್ ಬೇಕು. ಕೆಲವರಿಗೆ ತಲೆನೋವು, ನೆತ್ತಿ ಉರಿ ಬರುತ್ತದೆ. ಫಿಟ್ಸ್ ಬರುವುದು ಬಹಳ ಅಪರೂಪ. ತಲೆಯೊಳಗೆ ಲೋಹದ ಕ್ಲಿಪ್ಪೋ, ಕಿವಿಯಲ್ಲಿ ಅಳವಡಿಸಿದ ಉಪಕರಣವೋ ಇದ್ದವರಿಗೆ ಇದು ಸಲ್ಲದು.

ಮುಂದಿನ ಸಂಶೋಧನೆ ಆ ಸಮಯವನ್ನೇ ಕುಗ್ಗಿಸುತ್ತ ಬಂತು. 2005ರಲ್ಲಿ ಲಂಡನ್‌ನ ಒಂದು ತಂಡ ಮಿಡಿತಗಳನ್ನು ಮೂರು ಮೂರಾಗಿ ಗುಚ್ಛ ಕಟ್ಟಿ ಕೊಟ್ಟರೆ ಕೆಲವೇ ನಿಮಿಷದಲ್ಲಿ ಪರಿಣಾಮ ಕಾಣುತ್ತದೆಂದು ತೋರಿಸಿತು. 2018ರಲ್ಲಿ ಕೆನಡಾದ 414 ರೋಗಿಗಳಲ್ಲಿ ಮೂರು ನಿಮಿಷದ ಈ ವಿಧಾನ ಹಳೆಯ 37 ನಿಮಿಷದ್ದಕ್ಕೆ ಸಮನಾಗಿ ನಿಂತಿತು. ಸ್ಟ್ಯಾನ್‌ಫೋರ್ಡ್‌ನ ನೋಲನ್ ವಿಲಿಯಮ್ಸ್ ತಂಡ ಇನ್ನೂ ಮುಂದೆ ಹೋಯಿತು. ಒಬ್ಬೊಬ್ಬರ ಮೆದುಳಿನ ಸ್ಕ್ಯಾನ್ ನೋಡಿ ಜಾಗ ಗುರುತಿಸಿ, ದಿನಕ್ಕೆ 10 ಸಲದಂತೆ ಐದೇ ದಿನ. 2022ರ ವರದಿಯ ಪ್ರಕಾರ ನಿಜ ಚಿಕಿತ್ಸೆ ಪಡೆದವರಲ್ಲಿ ಶೇ 79, ತೋರಿಕೆಯದ್ದು ಪಡೆದವರಲ್ಲಿ ಶೇ 13 ಮಂದಿ ಚೇತರಿಸಿಕೊಂಡರು. ಇದ್ದದ್ದು 29 ಜನರಾದ್ದರಿಂದ ಈ ಅಂಕಿಯನ್ನು ಎಚ್ಚರದಿಂದಲೇ ಹಿಡಿಯಬೇಕು.

ಟಿಸಿಯ ಮಾತು ಕೇಳಿ ಕಾಕಾನ ಭಯ ಇಳಿದಿತ್ತು. ಅವರು ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ದಿನ ಎಣಿಸಿದರು. ವೈದ್ಯರು ಬರೆದುಕೊಟ್ಟದ್ದು ಬೆಂಗಳೂರಿಗೆ. ಗೋಲಗುಂಬಜ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಪ್ರಯಾಣ, ಅಲ್ಲಿ ಆರು ವಾರ ಬಾಡಿಗೆ ಕೋಣೆ, ಇಲ್ಲಿ ಎಮ್ಮೆ, ಲಿಂಬೆಯ ತೋಟ. "ಮೂರ ನಿಮಿಷದ ಕೆಲಸಕ್ಕ ಒಂದೂವರಿ ತಿಂಗಳಾ ಊರ ಬಿಡೂದಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮಲ್ಲಿ ಸುಮಾರು 20 ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಮೊದಲ ಮಾತ್ರೆಯಿಂದಲೇ ಪೂರ್ತಿ ಗುಣವಾಗುವವರು ಮೂವರಲ್ಲಿ ಒಬ್ಬರು ಎಂದು ಅಮೆರಿಕದ ದೊಡ್ಡ ಅಧ್ಯಯನವೊಂದು ಹೇಳುತ್ತದೆ. ಉಳಿದವರೆಲ್ಲರಿಗೂ ಅಯಸ್ಕಾಂತ ಬೇಕಿಲ್ಲ. ಮಾತ್ರೆ ಬದಲಿಸಿ, ಆಪ್ತಸಲಹೆ ಸೇರಿಸಿ ಎಷ್ಟೋ ಜನ ಏಳುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಎರಡು ಮೂರು ಔಷಧಕ್ಕೂ ಬಗ್ಗದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಮೂರು ನಿಮಿಷದ ವಿಧಾನದಲ್ಲಿ ಒಂದೇ ಯಂತ್ರ ದಿನಕ್ಕೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಜಿಲ್ಲಾ ಆಸ್ಪತ್ರೆಗೊಂದು ಯಂತ್ರ, ಅದನ್ನು ಬಲ್ಲ ಒಬ್ಬರು, ದೂರದವರು ಉಳಿಯಲು ಒಂದು ಕೋಣೆ: ನಾನು ಕೇಳುವುದು ಇಷ್ಟು.

ಕಾಕು ಬೆಂಗಳೂರಿಗೆ ಹೋಗಲಿಲ್ಲ. ವೈದ್ಯರು ಎರಡನೆಯ ಮಾತ್ರೆಗೆ ಇನ್ನೊಂದನ್ನು ಜೊತೆ ಮಾಡಿದರು. ಐದಾರು ತಿಂಗಳ ಮೇಲೆ ಸ್ವಲ್ಪ ಸ್ವಲ್ಪ ಮಾತಾಡಲು ಶುರುಮಾಡಿದಳು. ಹೋದ ಸಲ ಊರಿಗೆ ಹೋದಾಗ ಲಿಂಬೆ ಆರಿಸುತ್ತ ಕುಳಿತಿದ್ದಳು. ನಸುಕಿನ ಮೂರಕ್ಕೆ ಇನ್ನೂ ಎಚ್ಚರಾಗುತ್ತದಂತೆ.