ಯುವಕರು ಹೆಚ್ಚಾದರೋ, ಹಿರಿಯರು ಎದ್ದುಹೋದರೋ?

ಯುವಕರನ್ನು ಸೆಳೆಯಲೆಂದು ಹೊಸ ರೂಪ ಕೊಟ್ಟ ರಿಯಾಲಿಟಿ ಶೋ ಸೀಸನ್ ಶುರುವಾಗಿ ಮೂರ್ನಾಲ್ಕು ವಾರ ಕಳೆದರೆ ಚಾನೆಲ್ ಮೀಟಿಂಗಿನಲ್ಲಿ ಒಂದು ಸ್ಲೈಡ್ ತಪ್ಪದೆ ಬರುತ್ತದೆ: ‘ನಮ್ಮ ಶೋನಲ್ಲಿ ಯುವ ಪ್ರೇಕ್ಷಕರ ಪಾಲು ಶೇ 30ರಿಂದ ಶೇ 40ಕ್ಕೆ ಏರಿದೆ.’ ಪಾಲು ಏರಿತು ಸರಿ, ತಲೆ ಎಣಿಕೆ ಏರಿತೇ? ಹಿಂದಿನ ಸೀಸನ್ನನ್ನು 100 ಮಂದಿ ನೋಡುತ್ತಿದ್ದರು, ಅವರಲ್ಲಿ 70 ಮಂದಿ ನಲವತ್ತು ದಾಟಿದವರು ಅಂದುಕೊಳ್ಳಿ. ಆ ಹಿರಿಯರಲ್ಲಿ 25 ಮಂದಿ ನೋಡುವುದು ಬಿಟ್ಟರೆ ಒಟ್ಟು ಉಳಿಯುವುದು 75. ಚಿಕ್ಕವರು ಮೊದಲಿದ್ದ 30 ಮಂದಿಯೇ. 75ರಲ್ಲಿ 30 ಎಂದರೆ ಶೇ 40. ಹೊಸದಾಗಿ ಒಂದು ಹುಡುಗನೂ ಬಂದಿಲ್ಲ, ಆದರೂ ಸ್ಲೈಡಿಗೆ ಚಪ್ಪಾಳೆ. ಪ್ರೇಕ್ಷಕರ ಸರಾಸರಿ ವಯಸ್ಸು ಇಳಿಯಿತು ಎಂಬ ಲೆಕ್ಕವೂ ಇದೇ ಜಾತಿಯದು.

ರೇಟಿಂಗ್ ಕೂಡ ಮೊದಲ ವಾರಗಳಲ್ಲಿ ನಿಜ ಹೇಳುವುದಿಲ್ಲ. ಒಟ್ಟು ಟೀವಿ ಪ್ರೇಕ್ಷಕರಲ್ಲಿ ಶೇ ಎಷ್ಟು ಮಂದಿ ಬಂದು ಹೋದರು ಎಂಬುದು ರೀಚ್. ಬಂದವರು ಶೋನ ಒಟ್ಟು ಹೊತ್ತಿನಲ್ಲಿ ಸರಾಸರಿ ಎಷ್ಟು ಪಾಲು ಕೂತರು ಎಂಬುದು ಇನ್ನೊಂದು ಅಂಕಿ. ಎರಡನ್ನೂ ಗುಣಿಸಿದರೆ ರೇಟಿಂಗ್. ಒಂದು ಗಂಟೆಯ ಶೋ, ರೀಚ್ ಶೇ 10, ಸರಾಸರಿ 42 ನಿಮಿಷ ನೋಡಿದ್ದಾರೆ ಎಂದರೆ ರೇಟಿಂಗ್ 7. ಹೊಸ ಪ್ರೋಮೊ ನೋಡಿದ ಕುತೂಹಲಕ್ಕೆ ರೀಚ್ 13ಕ್ಕೆ ಏರಿ, ಕೂರುವ ಹೊತ್ತು 30 ನಿಮಿಷಕ್ಕೆ ಇಳಿದರೆ ರೇಟಿಂಗ್ 6.5. ಅರ್ಧ ಪಾಯಿಂಟ್ ತಾನೇ, ಅವತ್ತು ಎದುರಿಗೆ ಮ್ಯಾಚ್ ಇತ್ತು ಎಂದು ದಾಟಿಸಿಬಿಡುತ್ತಾರೆ. ಕುತೂಹಲ ತಣಿದು ರೀಚ್ ಮತ್ತೆ 10ಕ್ಕೆ ಬಂದಾಗ ಕೂರುವ ಹೊತ್ತು ಮಾತ್ರ 30ರಲ್ಲೇ ನಿಂತಿರುತ್ತದೆ. ಆಗ ರೇಟಿಂಗ್ 5.

ಚಾನೆಲ್‌ಗಳು ಯುವಕರ ಹಿಂದೆ ಬೀಳುವುದಕ್ಕೆ ಕಾರಣ ಅವರು ನೋಡಿದರೆ ಸಿಗುವ ಜಾಹೀರಾತಿನ ದರ. ಅಮೆರಿಕದ ಟೀವಿ ಮಾರುಕಟ್ಟೆ ದಶಕಗಳ ಕಾಲ 18ರಿಂದ 49 ವಯಸ್ಸಿನವರ ಅಂಕಿಯನ್ನೇ ಮುಖ್ಯ ಅಳತೆಗೋಲು ಮಾಡಿಕೊಂಡಿತ್ತು. ಐವತ್ತು ದಾಟಿದವರು ಪ್ರತಿ ಎಪಿಸೋಡನ್ನೂ ತಪ್ಪದೆ ನೋಡಿದರೂ ಆ ಲೆಕ್ಕದಲ್ಲಿ ಅವರಿಲ್ಲ. ಆದರೆ ಮನೆಯಲ್ಲಿ ರಿಮೋಟ್ ಇರುವುದು ಹೆಚ್ಚಾಗಿ ಅವರ ಕೈಯಲ್ಲೇ. ಅವರು ಹಾಕಿದ್ದನ್ನು ಪಕ್ಕದಲ್ಲಿ ಕೂತ ಮಗಳೋ ಮೊಮ್ಮಗನೋ ನೋಡುತ್ತಿರುತ್ತಾರೆ. ಹಿರಿಯರು ಚಾನೆಲ್ ಬದಲಿಸಿದರೆ ಆ ಚಿಕ್ಕವರೂ ಕೈತಪ್ಪುತ್ತಾರೆ. ಯಾರ ಜೊತೆ ಯಾರು ಕೂತು ನೋಡಿದರು ಎಂಬ ಅಂಕಿಯನ್ನು ತರಿಸಿ ನೋಡುವವರು ಬಹಳ ಕಡಿಮೆ.

ಹಳಬರನ್ನು ಹೆಚ್ಚು ಓಡಿಸುವ ಜಾಗ ಎಡಿಟಿಂಗ್ ಟೇಬಲ್ ಎಂಬುದು ನನ್ನ ಅಭಿಪ್ರಾಯ. ಹಾಡಿನ ಸ್ಪರ್ಧೆಯನ್ನೇ ತೆಗೆದುಕೊಳ್ಳಿ. ಹಾಡು ಮುಗಿಯುತ್ತದೆ, ಸ್ಪರ್ಧಿ ಮೈಕ್ ಇಳಿಸುತ್ತಾಳೆ, ತೀರ್ಪುಗಾರರು ಮೂರ್ನಾಲ್ಕು ಸೆಕೆಂಡ್ ಸುಮ್ಮನಿರುತ್ತಾರೆ, ಆಮೇಲೆ ಮೊದಲ ಮಾತು. ನಿಷ್ಠಾವಂತ ಪ್ರೇಕ್ಷಕರು ಕಾಯುವುದು ಆ ಮೂರ್ನಾಲ್ಕು ಸೆಕೆಂಡಿಗೆ. ‘ಯೂತ್’ ಕಟ್‌ನಲ್ಲಿ ಮೊದಲು ಹಾರಿಹೋಗುವುದೂ ಅದೇ. ಅಲ್ಲಿಗೆ ಐದು ಮುಖಗಳ ರಿಯಾಕ್ಷನ್, ಒಂದು ಸ್ಟಿಕ್ಕರ್, ಒಂದು ಢಂ ಎನ್ನುವ ಸದ್ದು ಬರುತ್ತವೆ, ಹಾಡೇ ಅರ್ಧ ಆಗಿರುತ್ತದೆ. ಯುವಕರಿಗೆ ಇದು ಮೊಬೈಲಿನಲ್ಲಿ ಒಂದು ನಿಮಿಷದ ಕ್ಲಿಪ್ ಆಗಿ ಆಗಲೇ ಸಿಕ್ಕಿದೆ, ಅದಕ್ಕಾಗಿ ಟೀವಿ ಮುಂದೆ ಕೂರಬೇಕಿಲ್ಲ. ಶೋ ಮಾಡಿ ಅದರಿಂದ ಕ್ಲಿಪ್ ಕತ್ತರಿಸಬೇಕು. ಕ್ಲಿಪ್ಪುಗಳನ್ನು ಪೋಣಿಸಿ ಶೋ ಮಾಡಿದರೆ ಎರಡೂ ಕೆಡುತ್ತವೆ.

ಸದ್ದಿನ ವಿಷಯ ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಎತ್ತರದ ಕಂಪನಗಳನ್ನು. ಸ, ಶ, ಫ ಥರದ ಅಕ್ಷರಗಳು ಮಸುಕಾಗುತ್ತವೆ. ಮಾತಿನ ಅಡಿಯಲ್ಲಿ ಎಡೆಬಿಡದೆ ಬೀಟ್ ಓಡಿಸಿದರೆ ಅವರಿಗೆ ಗದ್ದಲವಷ್ಟೇ ಕೇಳಿಸುತ್ತದೆ. ಮಿಕ್ಸಿಂಗ್ ಮಾಡುವವರು ಸ್ಟುಡಿಯೋದ ಒಳ್ಳೆ ಸ್ಪೀಕರಿನಲ್ಲಿ ಕೇಳಿ ಸರಿಯಿದೆ ಎನ್ನುತ್ತಾರೆ. ಸಾಮಾನ್ಯ ಟೀವಿಯೊಂದರ ಒಳಸ್ಪೀಕರಿನಲ್ಲಿ, ಸದ್ದು ತಗ್ಗಿಸಿ, ಹತ್ತಡಿ ದೂರ ಕೂತು, ಫ್ಯಾನ್ ಹಾಕಿಕೊಂಡು ಒಮ್ಮೆ ಕೇಳಬೇಕು. ಒಂದು ವಾಕ್ಯ ತಪ್ಪಿದರೂ ಸಂಗೀತ ಇಳಿಸಿ.

ಸ್ಪರ್ಧಿಗಳ ಆಯ್ಕೆಯಲ್ಲಿ ನಡೆಯುವ ಎಡವಟ್ಟು ಎಲ್ಲರಿಗೂ ಗೊತ್ತಿರುವುದೇ: ಫಾಲೋವರ್ಸ್ ಎಣಿಸಿ ಕರೆತರುವುದು. ಆ ಫಾಲೋವರ್ಸ್ ಶೋ ನೋಡುವುದಿಲ್ಲ, ಆ್ಯಪ್‌ನಲ್ಲಿ ಓಟು ಒತ್ತಿ ಹೋಗುತ್ತಾರೆ. ನೋಡುವವರೇ ಬೇರೆ, ಓಟು ಹಾಕುವವರೇ ಬೇರೆ ಆದಾಗ ವಾರವಿಡೀ ಚೆನ್ನಾಗಿ ಆಡಿದವರು ಎಲಿಮಿನೇಟ್ ಆಗುತ್ತಾರೆ. ಲಾಗಿನ್, ಒಟಿಪಿ, ಅಪ್‌ಡೇಟ್ ಎಂದು ಸುಸ್ತಾಗಿ ಓಟು ಹಾಕಲಾಗದ ಹಿರಿಯರಿಗೆ ‘ಎಲ್ಲಾ ಮೊದಲೇ ಫಿಕ್ಸ್’ ಅನ್ನಿಸುವುದು ಆಗಲೇ. ಆ್ಯಪ್ ಜೊತೆ ಮಿಸ್ಡ್ ಕಾಲ್ ಅಥವಾ ಎಸ್‌ಎಂಎಸ್ ದಾರಿಯೂ ಇರಲಿ.

ನಿರೂಪಕರನ್ನು ಬದಲಿಸುವ ಮೊದಲು ಎರಡು ಸಲ ಯೋಚಿಸಬೇಕು. ಬ್ರಿಟನ್ನಿನ ಹಾಡಿನ ಸ್ಪರ್ಧೆ ‘ದಿ ಎಕ್ಸ್ ಫ್ಯಾಕ್ಟರ್’ 2015ರಲ್ಲಿ ನಿರೂಪಕ ಡರ್ಮಟ್ ಓ’ಲಿಯರಿ ಜಾಗಕ್ಕೆ ಇಬ್ಬರು ಕಿರಿಯರನ್ನು ತಂದಿತು. 2016ರಲ್ಲಿ ಓ’ಲಿಯರಿಯೇ ವಾಪಸ್ ಬಂದರು. ಸ್ಪರ್ಧಿಗಳು ದಿನಗಟ್ಟಲೆ ದ್ವೀಪದಲ್ಲಿ ಬದುಕಿ ಆಡುವ ಅಮೆರಿಕದ ‘ಸರ್ವೈವರ್’ ಇದಕ್ಕೆ ಎದುರು ಉದಾಹರಣೆ. 2021ರಲ್ಲಿ ಆಟವನ್ನು 39 ದಿನದಿಂದ 26ಕ್ಕೆ ಇಳಿಸಿದರು, ಹೊಸ ನಿಯಮಗಳನ್ನೂ ತುಂಬಿದರು. ಹಳಬರು ಗೊಣಗಿದರು. ಆದರೆ 2000ದಿಂದ ಇರುವ ನಿರೂಪಕ ಜೆಫ್ ಪ್ರೋಬ್ಸ್ಟ್, ಹೊರಬಿದ್ದವರ ಪಂಜು ನಂದಿಸುವ ಪದ್ಧತಿ, ಬುಧವಾರದ ಸ್ಲಾಟ್ ಮೂರನ್ನೂ ಮುಟ್ಟಲಿಲ್ಲ. ಗೊಣಗುವವರಿಗೂ ಮರಳಿ ಬರಲು ಗುರುತಿನ ಬಾಗಿಲುಗಳಿದ್ದವು.

ಹಾಗಾಗಿ ಒಂದು ಸೀಸನ್ನಿಗೆ ಒಂದೇ ದೊಡ್ಡ ಬದಲಾವಣೆ ಸಾಕು: ನಿರೂಪಕರೋ, ನಿಯಮವೋ, ಸಮಯವೋ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಜನ ಯಾವುದಕ್ಕೆ ಎದ್ದುಹೋದರೆಂದು ತಿಳಿಯುವುದಿಲ್ಲ. ಕಳೆದ ನಾಲ್ಕು ಎಪಿಸೋಡಿನಲ್ಲಿ ಕನಿಷ್ಠ ಮೂರನ್ನು ಅರ್ಧಕ್ಕಿಂತ ಹೆಚ್ಚು ನೋಡಿದವರನ್ನು ‘ಕಾಯಂ’ ಎಂದು ಗುರುತಿಸಿ, ಆ ತಲೆಗಳನ್ನೇ ವಾರವಾರ ಎಣಿಸಿ, ಹಿಂದಿನ ಸೀಸನ್ನಿನ ಅದೇ ವಾರದ ಜೊತೆ ಹೋಲಿಸಿ. ಎರಡು ವಾರ ಸತತ ಇಳಿದರೆ ನಿಮಿಷವಾರು ಗ್ರಾಫ್ ತೆಗೆದು ಎಲ್ಲಿ ಎದ್ದರು ನೋಡಿ. ಬ್ರೇಕಿನಲ್ಲಿ ಎದ್ದು ಮರಳಿದರೆ ಚಿಂತೆಯಿಲ್ಲ. ಹೊಸ ಸೆಗ್ಮೆಂಟಿನ ನಡುವೆ ಎದ್ದು ಮರಳದಿದ್ದರೆ ಆ ಸೆಗ್ಮೆಂಟ್ ತೆಗೆಯಬೇಕು.

ಶೋವನ್ನೇ ಬೇರೆ ಕಡೆಗೆ ಸಾಗಿಸುವುದಂತೂ ಕೊನೆಯ ಆಯ್ಕೆ. ಅಮೆರಿಕದ ಕುಣಿತದ ಸ್ಪರ್ಧೆ ‘ಡ್ಯಾನ್ಸಿಂಗ್ ವಿತ್ ದಿ ಸ್ಟಾರ್ಸ್’ 2005ರಿಂದ ಎಬಿಸಿ ಟೀವಿ ಚಾನೆಲ್‌ನಲ್ಲಿತ್ತು. 2022ರಲ್ಲಿ ಅದನ್ನು ಡಿಸ್ನಿ ಪ್ಲಸ್ ಆ್ಯಪ್‌ಗೆ ಮಾತ್ರ ಸೀಮಿತಗೊಳಿಸಿದರು. ಮರುವರ್ಷವೇ ಎಬಿಸಿಗೂ ಮರಳಿ ತಂದು, ಎರಡರಲ್ಲೂ ಒಟ್ಟಿಗೆ ನೇರಪ್ರಸಾರ ಮಾಡಿದರು. ಆ್ಯಪ್‌ನವರಿಗೆ ಆ್ಯಪ್, ಟೀವಿಯವರಿಗೆ ಟೀವಿ. ಮೊದಲ ವರ್ಷವೇ ಹಾಗೆ ಮಾಡುವುದಕ್ಕೆ ಯಾವ ಅಡ್ಡಿಯಿತ್ತೋ.