ನಿಧಾನದ ಆಟಕ್ಕೆ ದಂಡ ಬೇಕಾ? ಅಂಪೈರಿಂಗ್ ಪರೀಕ್ಷೆಗೆ ಓದುವವರಿಗೆ ಟಿಪ್ಪಣಿ

ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ ಸಂಜೆ ಹೊತ್ತು ನಾವು ನಾಲ್ಕು ಜನ ಅಂಪೈರಿಂಗ್ ಪರೀಕ್ಷೆಗೆ ಓದುತ್ತೇವೆ. ಕಳೆದ ವಾರ ಸಮಯ ಹಾಳು ಮಾಡುವ ನಿಯಮಕ್ಕೆ ಬಂದೆವು. ಪುಸ್ತಕ ಪಕ್ಕಕ್ಕೆ ಹೋಯಿತು, ವಾದ ಶುರುವಾಯಿತು. ಟೆಸ್ಟ್‌ನಲ್ಲಿ ನಿಧಾನ ಮಾಡುವವರಿಗೆ ದಂಡ ಹಾಕಬೇಕಾ, ಬೇಡವಾ? ಓದುವ ಎಲ್ಲರಿಗೂ ಬೇಕಾಗುವ ವಿಷಯ ಅಂತ ಬರೆದಿಡುತ್ತಿದ್ದೇನೆ.

ನಿಧಾನದಲ್ಲಿ ಎರಡು ಬಗೆ ಇದೆ. ಇದನ್ನು ಬಿಡಿಸಿಕೊಳ್ಳದಿದ್ದರೆ ಮುಂದಿನದೆಲ್ಲ ಕಲಸಿಹೋಗುತ್ತದೆ. 2015ರ ದೆಹಲಿ ಟೆಸ್ಟ್‌ನಲ್ಲಿ ಸೋಲು ತಪ್ಪಿಸಲು ದಕ್ಷಿಣ ಆಫ್ರಿಕಾದ ಹಾಶಿಮ್ ಆಮ್ಲಾ 244 ಎಸೆತ ಆಡಿ 25 ರನ್ ಮಾಡಿದರು. ಅದೇ ತಂಡದ ಡಿ ವಿಲಿಯರ್ಸ್ 297 ಎಸೆತಕ್ಕೆ 43. ನಮ್ಮ ದ್ರಾವಿಡ್ 2004ರಲ್ಲಿ ರಾವಲ್ಪಿಂಡಿಯಲ್ಲಿ 740 ನಿಮಿಷ ನಿಂತು 270 ಹೊಡೆದರು. ಇದಕ್ಕೆಲ್ಲ ದಂಡ ಇಲ್ಲ, ಇರಲೂಬಾರದು. ಚೆಂಡು ಬೀಳುತ್ತಲೇ ಇದೆ, ಬೌಲರ್‌ಗೆ ಔಟ್ ಮಾಡುವ ಅವಕಾಶ ಪ್ರತಿ ಎಸೆತಕ್ಕೂ ಇದೆ. ತಪ್ಪು ಅನ್ನಬೇಕಾದ್ದು ಚೆಂಡೇ ಬೀಳದ ನಿಧಾನ. ಫೀಲ್ಡ್ ಬದಲಿಸುವುದು, ಮತ್ತೆ ಬದಲಿಸುವುದು, ಬೌಲರ್ ಜೊತೆ ಮಾತು, ಶೂ ಲೇಸ್.

ಟೆಸ್ಟ್‌ನಲ್ಲಿ ದಿನಕ್ಕೆ 90 ಓವರ್, ಅಂದರೆ ಗಂಟೆಗೆ 15, ಓವರ್‌ಗೆ 4 ನಿಮಿಷ. ವಿಕೆಟ್ ಬಿದ್ದರೆ 2 ನಿಮಿಷ, ಡ್ರಿಂಕ್ಸ್‌ಗೆ 4 ನಿಮಿಷ ಬಿಡುತ್ತಾರೆ. ಗಾಯ, ರಿವ್ಯೂಗೆ (ಅಂಪೈರ್ ತೀರ್ಪನ್ನು ಮತ್ತೆ ಪರಿಶೀಲಿಸುವುದಕ್ಕೆ) ಎಷ್ಟು ಹೊತ್ತು ಹೋಯಿತೋ ಅಷ್ಟೂ ಕಳೆಯುತ್ತಾರೆ. ಲೆಕ್ಕ ತಿಳಿಯಲು ನಾನೇ ಒಂದು ಉದಾಹರಣೆ ಹಾಕಿಕೊಂಡೆ. ಒಂದು ತಂಡ 372 ನಿಮಿಷದಲ್ಲಿ 80 ಓವರ್ ಹಾಕಿತು ಅನ್ನೋಣ. 6 ವಿಕೆಟ್‌ಗೆ 12, ಮೂರು ಡ್ರಿಂಕ್ಸ್‌ಗೆ 12, ರಿವ್ಯೂ ಮತ್ತು ಗಾಯಕ್ಕೆ 13, ಒಟ್ಟು 37 ನಿಮಿಷ ಕಳೆಯಿರಿ. ಉಳಿದದ್ದು 335. ನಾಲ್ಕರಿಂದ ಭಾಗಿಸಿದರೆ 83 ಚಿಲ್ಲರೆ. ಅಂದರೆ 3 ಓವರ್ ಕಡಿಮೆ. 2023ರಲ್ಲಿ ಬದಲಾದ ನಿಯಮದ ಪ್ರಕಾರ ಓವರ್‌ಗೆ ಪಂದ್ಯದ ಹಣದ 5 ಶೇಕಡಾ, ಇಲ್ಲಿ 15 ದಂಡ. ಹೆಚ್ಚೆಂದರೆ 50. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನಲ್ಲಿ ಓವರ್‌ಗೆ ಒಂದೊಂದು ಅಂಕವೂ ಕಟ್. ಎದುರಾಳಿಯನ್ನು 80 ಓವರ್ ಒಳಗೆ ಆಲೌಟ್ ಮಾಡಿದರೆ ಆ ಇನಿಂಗ್ಸ್‌ಗೆ ದಂಡ ಇಲ್ಲ.

ಈ ಕೊನೇ ವಾಕ್ಯ ಓದಿದಾಗ ನಮಗೆಲ್ಲ ಒಂದೇ ಪಂದ್ಯ ನೆನಪಾಯಿತು. ದಾವಣಗೆರೆಯವರು ಮರೆಯೋದಿಲ್ಲ ಅಲ್ವಾ? 2012ರ ಜನವರಿ, ಪರ್ತ್. ನಮ್ಮ ವಿನಯ್ ಕುಮಾರ್ ಆಡಿದ ಒಂದೇ ಒಂದು ಟೆಸ್ಟ್. ಭಾರತ ಸ್ಪಿನ್ನರ್ ಬಿಟ್ಟು ನಾಲ್ಕು ವೇಗಿಗಳನ್ನು ಇಳಿಸಿತ್ತು. ಸ್ಪಿನ್ ಓವರ್ ಬೇಗ ಮುಗಿಯುತ್ತದೆ, ವೇಗಿ ಪ್ರತಿ ಎಸೆತಕ್ಕೂ ದೂರ ನಡೆದು ಹೋಗಬೇಕು. ಆಸ್ಟ್ರೇಲಿಯಾದ ವಾರ್ನರ್ 180 ಹೊಡೆದರು. ಭಾರತ ಇನಿಂಗ್ಸ್ ಮತ್ತು 37 ರನ್‌ಗಳಿಂದ ಸೋತಿತು, ಅದೂ ಮೂರೇ ದಿನದಲ್ಲಿ. ಎರಡು ದಿನ ಉಳಿದಿದ್ದರೂ ಓವರ್ ಕಡಿಮೆ ಅಂತ ಧೋನಿಗೆ ಒಂದು ಪಂದ್ಯದ ನಿಷೇಧ. ಅಡಿಲೇಡ್‌ನಲ್ಲಿ ಸೆಹ್ವಾಗ್ ನಾಯಕರಾದರು. ಪರ್ತ್‌ನಲ್ಲಿ ಆಸ್ಟ್ರೇಲಿಯಾ ಆಲೌಟ್ ಆಗಿದ್ದು 80 ಓವರ್‌ಗಳ ಒಳಗೇ. ಇವತ್ತಿನ ನಿಯಮ ಇದ್ದಿದ್ದರೆ ದಂಡವೇ ಬೀಳುತ್ತಿರಲಿಲ್ಲ. ನಾಯಕನನ್ನು ನಿಷೇಧಿಸುವ ಪದ್ಧತಿಯನ್ನೂ 2019ರಲ್ಲಿ ಕೈಬಿಟ್ಟರು. ಒಳ್ಳೆಯದೇ ಆಯಿತು.

ಇನ್ನು ಅಂಕ ಕಟ್. ಇದಕ್ಕೆ ಹೆದರಿಕೆ ಇದೆ, ನಿಜ. 2023ರ ಆಶಸ್‌ನಲ್ಲಿ, ಅಂದರೆ ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಯಲ್ಲಿ, ಇಂಗ್ಲೆಂಡ್ ಗಳಿಸಿದ 28 ಅಂಕದಲ್ಲಿ 19 ಹೋಯಿತು. ಆದರೆ ಸರಿಯಾದ ದಂಡವಾ? 2020ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಭಾರತದ ಎದುರು ಆಸ್ಟ್ರೇಲಿಯಾ 2 ಓವರ್ ಹಿಂದೆ ಬಿತ್ತು. ಆಗ ಓವರ್‌ಗೆ 2 ಅಂಕ, ಹಾಗಾಗಿ 4 ಹೋಯಿತು. ಕೊನೆಗೆ ಸಿಗಬಹುದಾಗಿದ್ದ ಅಂಕಗಳಲ್ಲಿ ಅವರದು 69.2 ಶೇಕಡಾ, ನ್ಯೂಜಿಲೆಂಡ್‌ದು 70. ಆ 4 ಅಂಕ ಇದ್ದಿದ್ದರೆ ಇಬ್ಬರದೂ ಸಮ. ಫೈನಲ್‌ಗೆ ಹೋಗಿದ್ದು ನ್ಯೂಜಿಲೆಂಡ್. ಕಾದು ನಿಂತ ಬ್ಯಾಟ್ಸ್‌ಮನ್‌ಗಳು ಭಾರತದವರು, ಲಾಭ ಆಗಿದ್ದು ಆ ಮೈದಾನದಲ್ಲೇ ಇಲ್ಲದವರಿಗೆ! ಟಿಕೆಟ್ ಕೊಟ್ಟು ಕೂತವರಿಗಂತೂ ಏನೂ ಸಿಗಲಿಲ್ಲ.

ಅದಕ್ಕೇ ನನಗೆ 2025ರಲ್ಲಿ ಟೆಸ್ಟ್‌ಗೆ ಬಂದ ಸ್ಟಾಪ್ ಕ್ಲಾಕ್ ಜಾಸ್ತಿ ಇಷ್ಟ. ಒಂದು ಓವರ್ ಮುಗಿದ 60 ಸೆಕೆಂಡ್ ಒಳಗೆ ಮುಂದಿನ ಓವರ್ ಶುರುವಾಗಬೇಕು. ಎರಡು ಎಚ್ಚರಿಕೆ, ಆಮೇಲೆ ಪ್ರತಿ ಸಲ ಬ್ಯಾಟಿಂಗ್ ತಂಡಕ್ಕೆ 5 ರನ್. 80 ಓವರ್ ಆದ ಮೇಲೆ ಎಚ್ಚರಿಕೆಯ ಲೆಕ್ಕ ಮತ್ತೆ ಸೊನ್ನೆಯಿಂದ. ತಪ್ಪು ನಡೆದ ಜಾಗದಲ್ಲೇ, ನಡೆದ ಹೊತ್ತಿಗೇ, ಕಾಯಿಸಿದವರಿಂದ ಕಾದವರಿಗೆ ದಂಡ ಹೋಗುತ್ತದೆ. ದಂಡ ಬೇಕು ಅಂತಲೇ ನನ್ನ ವಾದ, ಆದರೆ ಅದು ಸ್ಕೋರ್‌ಬೋರ್ಡ್ ಮೇಲೆ ಕಾಣಬೇಕು.

ಪರೀಕ್ಷೆಗೆ ಮುಖ್ಯವಾದದ್ದು ಕ್ರಿಕೆಟ್ ನಿಯಮ ಪುಸ್ತಕದ ನಿಯಮ 41.9 ಮತ್ತು 41.10. ಇವು ಸ್ಟಾಪ್ ಕ್ಲಾಕ್ ಇಲ್ಲದ ನಮ್ಮ ಮೈದಾನಕ್ಕೂ ಅನ್ವಯ. ಫೀಲ್ಡಿಂಗ್ ತಂಡ ಸಮಯ ಹಾಳು ಮಾಡಿದರೆ ಮೊದಲ ಸಲ ನಾಯಕನಿಗೆ ಎಚ್ಚರಿಕೆ, ಅದೇ ಕೊನೆಯದೂ ಹೌದು. ಮತ್ತೆ ಮಾಡಿದರೆ, ಓವರ್‌ಗಳ ನಡುವೆ ಆಗಿದ್ದರೆ 5 ರನ್. ಓವರ್ ಒಳಗೆ ಆಗಿದ್ದರೆ ರನ್ ಇಲ್ಲ, ಆ ಬೌಲರ್ ಆ ಇನಿಂಗ್ಸ್‌ನಲ್ಲಿ ಮತ್ತೆ ಚೆಂಡು ಹಾಕುವಂತಿಲ್ಲ. ನಮ್ಮಲ್ಲಿ ಮೂವರು ಇದನ್ನೇ ತಪ್ಪು ಹೇಳಿದೆವು. ಬ್ಯಾಟ್ಸ್‌ಮನ್ ಸುಮ್ನೆ ತಡ ಮಾಡಿದರೂ ಒಂದು ಎಚ್ಚರಿಕೆ, ಆಮೇಲೆ ಫೀಲ್ಡಿಂಗ್ ತಂಡಕ್ಕೆ 5 ರನ್.

ಈ ನಿಯಮ ನನಗೆ ಯಾಕೆ ಇಷ್ಟು ಮುಖ್ಯ ಅಂದರೆ, ಹೋದ ಬೇಸಿಗೆಯಲ್ಲಿ ಒಂದು ಭಾನುವಾರದ ಪಂದ್ಯಕ್ಕೆ ನಾನು ಅಂಪೈರ್ ಆಗಿ ನಿಂತಿದ್ದೆ. ಹೊತ್ತು ಇಳಿಯುತ್ತಿತ್ತು. ಫೀಲ್ಡಿಂಗ್ ತಂಡದ ಬೌಲರ್ ಪ್ರತಿ ಎಸೆತಕ್ಕೂ ಲೇಸ್ ಕಟ್ಟತೊಡಗಿದ. ನಾಯಕ ಡೀಪ್‌ನಿಂದ, ಅಂದರೆ ಬೌಂಡರಿ ಹತ್ತಿರದಿಂದ, ಒಬ್ಬನನ್ನು ಕರೆಯುವುದು, ಮತ್ತೆ ಕಳಿಸುವುದು. ನಾನು "ಬೇಗ ಬೇಗ" ಅಂದೆನೇ ಹೊರತು ಎಚ್ಚರಿಕೆ ಕೊಡಲಿಲ್ಲ. ಕೊನೆಗೆ ಕತ್ತಲಾಯಿತು, ಮೂರು ಓವರ್ ಉಳಿದೇ ಹೋಯಿತು. ಕ್ರೀಸ್‌ನಲ್ಲಿದ್ದ ಹುಡುಗ ಹೆಲ್ಮೆಟ್ ತೆಗೆದು ನನ್ನ ಮುಖ ನೋಡಿದ. ಅವನಿಗೆ ಬೇಕಿದ್ದದ್ದು 14 ರನ್.