ತಾವು ಬಂದು ಆಶೀರ್ದವಿಸಬೇಕಾಗಿ ವಿನಂತಿ

ತಂಗಿಯ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಅದರ ಕರಡನ್ನು ನಾಲ್ಕು ಜನ ನೋಡಿದ್ದೆವು. ಅಪ್ಪ, ಬಳ್ಳಾರಿಯ ಅಚ್ಚಿನ ಅಂಗಡಿಯವರು, ನಾನು, ಮತ್ತು ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತರಾದ ದೊಡ್ಡಪ್ಪ. ಅವರ ಕೆಂಪು ಪೆನ್ನಿನಿಂದ 'ಚಿ. ರಾ.', 'ಚಿ. ಕುಂ. ಸೌ.' ಮುಂದಿನ ಚುಕ್ಕೆಗಳೂ ತಪ್ಪಿಸಿಕೊಳ್ಳಲಿಲ್ಲ. ಐನೂರು ಪ್ರತಿ ಅಚ್ಚಾಗಿ ಮನೆಗೆ ಬಂದವು. ಎರಡನೆಯ ತರಗತಿಯ ಅವರ ಮೊಮ್ಮಗಳು ಆಗಷ್ಟೇ ಒತ್ತಕ್ಷರ ಕಲಿತಿದ್ದಳು. ಕಾರ್ಡಿನ ಮೇಲೆ ಬೆರಳಿಟ್ಟು 'ಆ... ಶೀ... ರ್ದ... ವಿ...' ಎಂದು ಓದತೊಡಗಿದಳು. 'ಸರಿಯಾಗಿ ಓದು' ಎಂದು ದೊಡ್ಡಪ್ಪ ಗದರಿದರು. ಅವಳು ಸರಿಯಾಗಿಯೇ ಓದಿದ್ದಳು.

ಈ ಲೇಖನದ ಶೀರ್ಷಿಕೆ ಅದೇ ಕಾರ್ಡಿನ ಸಾಲು. ನೀವು ಅದನ್ನು ಹೇಗೆ ಓದಿದಿರೆಂದು ನಾನು ಕೇಳುವುದಿಲ್ಲ.

ಕಣ್ಣು ನಾವು ನಂಬಿರುವಷ್ಟು ನೋಡುವುದೇ ಇಲ್ಲ. ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನ ಅಗಲ ಎಷ್ಟೋ, ಹೆಚ್ಚುಕಡಿಮೆ ಅಷ್ಟು ಜಾಗ ಮಾತ್ರ ನಮಗೆ ಅಚ್ಚುಕಟ್ಟಾಗಿ ಕಾಣುವುದು. ಸುತ್ತಲಿನದೆಲ್ಲ ಮಸುಕು. ಇನ್ನೊಂದು ಹೆಬ್ಬೆರಳನ್ನೂ ಎತ್ತಿ, ಎರಡನ್ನೂ ಜೋಡಿಸಿ ಹಿಡಿದು, ಎಡಗಣ್ಣು ಮುಚ್ಚಿ. ಬಲಗಣ್ಣಿನ ನೋಟವನ್ನು ಎಡ ಹೆಬ್ಬೆರಳಿನ ಮೇಲೆ ನೆಟ್ಟು, ಬಲ ಹೆಬ್ಬೆರಳನ್ನು ಮೆಲ್ಲಗೆ ಬಲಕ್ಕೆ ಸರಿಸಿ. ಒಂದು ಗೇಣಿಗೆ ತುಸು ಮೊದಲೇ ಅದರ ತುದಿ ಮಾಯವಾಗುತ್ತದೆ. ಆಗ ಆ ತುದಿಯ ಬಿಂಬ ಬೀಳುವುದು, ಮಿದುಳಿಗೆ ಹೋಗುವ ನರ ಕಣ್ಣಿನ ಹಿಂದಿನ ಪರದೆಯಾದ ಅಕ್ಷಿಪಟದಿಂದ ಹೊರಬೀಳುವ ಜಾಗದಲ್ಲಿ; ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. 17ನೆಯ ಶತಮಾನದಲ್ಲಿ ಇದನ್ನು ಪತ್ತೆಹಚ್ಚಿದವನು ಫ್ರಾನ್ಸಿನ ವಿಜ್ಞಾನಿ ಮಾರಿಯೊಟ್. ನನಗೆ ಸೋಜಿಗವೆನಿಸುವುದು ಬೆರಳು ಮಾಯವಾಗುವುದಲ್ಲ. ಆ ಜಾಗದಲ್ಲಿ ಕಪ್ಪು ತೂತು ಕಾಣಬೇಕಿತ್ತಲ್ಲ? ಕಾಣುವುದಿಲ್ಲ. ಹಿಂದಿನ ಗೋಡೆಯ ಸುಣ್ಣದ ಬಣ್ಣವನ್ನೇ ಮಿದುಳು ಅಲ್ಲಿಗೂ ಬಳಿದುಬಿಡುತ್ತದೆ.

ಓದುವಾಗಲೂ ನಡೆಯುವುದು ಇಂಥದೇ ಕೆಲಸ. ನೋಟ ಸಾಲಿನ ಮೇಲೆ ಹರಿಯುವುದಿಲ್ಲ, ಮಿಡತೆಯಂತೆ ಜಿಗಿಯುತ್ತದೆ. ಸೆಕೆಂಡಿಗೆ ಮೂರು ನಾಲ್ಕು ಜಿಗಿತ. ಜಿಗಿಯುವ ಗಳಿಗೆಯಲ್ಲಿ ಕಂಡದ್ದನ್ನು ಮಿದುಳು ಬಹುಮಟ್ಟಿಗೆ ಅದುಮಿಡುತ್ತದೆ. ಕನ್ನಡಿಯಲ್ಲಿ ನಮ್ಮ ಕಣ್ಣುಗಳ ಅಲುಗಾಟ ನಮಗೇ ಕಾಣದಿರುವುದು ಅದಕ್ಕೇ. ಇಂಗ್ಲಿಷ್ ಓದುವವರು ಒಂದು ನಿಲುಗಡೆಯಲ್ಲಿ ಎಡಕ್ಕೆ ಮೂರು ನಾಲ್ಕು, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರಗಳಷ್ಟು ದೂರದಿಂದ ಸುಳಿವು ಹೆಕ್ಕುತ್ತಾರೆ. ಉರ್ದು ಓದುವಾಗ ಈ ಕಿಟಕಿ ಎಡಕ್ಕೆ ತಿರುಗುತ್ತದೆ. ರಾಯಚೂರಿನ ಬೀದಿಯಲ್ಲಿ ಎರಡೂ ಲಿಪಿಯ ಫಲಕ ಓದುತ್ತ ನಡೆಯುವವರು ತಮಗೆ ಅರಿವಿಲ್ಲದೆಯೇ ಈ ಕಿಟಕಿಯನ್ನು ಆಚೀಚೆ ಸರಿಸುತ್ತಿರುತ್ತಾರೆ.

ಸಿಕ್ಕ ಚೂರುಪಾರು ಸುಳಿವಿನಿಂದ ಮಿದುಳು ಪದವನ್ನು ಊಹಿಸುತ್ತದೆ. ಇದು ಸೋಮಾರಿತನವಲ್ಲ. ಕ್ಷಣಮಾತ್ರ ಮಿಂಚಿ ಮರೆಯಾಗುವ ಅಕ್ಷರ ಒಂಟಿಯಾಗಿದ್ದಾಗಿನದಕ್ಕಿಂತ ಪದದೊಳಗಿದ್ದಾಗಲೇ ಹೆಚ್ಚು ಸರಿಯಾಗಿ ಗುರುತಾಗುತ್ತದೆ ಎಂದು ಮನೋವಿಜ್ಞಾನಿ ರೈಷರ್ 1969ರಲ್ಲೇ ತೋರಿಸಿದ್ದಾರೆ. ಪದದ ಮೊದಲ ಮತ್ತು ಕೊನೆಯ ಅಕ್ಷರ ಸರಿಯಿದ್ದರೆ ನಡುವಿನವು ಹೇಗೆ ಕಲಸಿಹೋದರೂ ಓದಬಹುದು ಎಂಬ ಸಂದೇಶ 2003ರಲ್ಲಿ ಕೇಂಬ್ರಿಜ್ ಹೆಸರು ಹೊತ್ತು ಲೋಕವೆಲ್ಲ ಸುತ್ತಿತು. ಕೇಂಬ್ರಿಜ್‌ನಲ್ಲಿ ಅಂಥ ಸಂಶೋಧನೆಯೇ ನಡೆದಿರಲಿಲ್ಲ. ಅದರ ಎಳೆ ಸಿಗುವುದು ನಾಟಿಂಗ್‌ಹ್ಯಾಮ್‌ನಲ್ಲಿ 1976ರಲ್ಲಿ ರಾಲಿನ್‌ಸನ್ ಬರೆದ ಪ್ರಬಂಧದಲ್ಲಿ. ಸಂದೇಶವೂ ಅರ್ಧಸತ್ಯ: ಅಕ್ಷರ ಕಲಸಿದಷ್ಟೂ ಓದು ನಿಧಾನವಾಗುತ್ತದೆ, ಅಕ್ಕಪಕ್ಕದವು ಮಾತ್ರ ಜಾಗ ಬದಲಿಸಿದರೆ ಅಷ್ಟಾಗಿ ತೊಡಕಾಗುವುದಿಲ್ಲ.

ಕನ್ನಡದಲ್ಲಿ ಗುಣಿತ, ಒತ್ತು ಸೇರಿಯೇ ಒಂದು ಅಕ್ಷರವಾಗುವುದರಿಂದ ಆಟ ಇನ್ನಷ್ಟು ಸೂಕ್ಷ್ಮ. ನಮ್ಮ ಕಾರ್ಡನ್ನೇ ನೋಡಿ. ಅರ್ಕಾವೊತ್ತು ಅದರ ಜಾಗದಲ್ಲೇ ಇದೆ, ಗುಡಿಸು ಅದರ ಜಾಗದಲ್ಲೇ ಇದೆ. ಅವುಗಳನ್ನು ಹೊತ್ತ 'ವ' ಮತ್ತು 'ದ' ಮಾತ್ರ ಸದ್ದಿಲ್ಲದೆ ಕುರ್ಚಿ ಬದಲಿಸಿವೆ. 'ಆದಿಶೀರ್ವಸ' ಎಂದಿದ್ದರೆ ನಾಲ್ವರೂ ಎಡವುತ್ತಿದ್ದೆವು.

ನಿರೀಕ್ಷೆಯೊಂದು ಜೊತೆಗೂಡಿದರೆ ಎರಡು ಅಕ್ಷರವೂ ಬೇಕಿಲ್ಲ. ಸಿಂಧನೂರಿನ ಬಸ್ಸಿಗೆ ಗಂಟೆಗಟ್ಟಲೆ ಕಾದವನಿಗೆ, ದೂಳಿನ ನಡುವೆ ಬರುವ ಫಲಕದಲ್ಲಿ 'ಸಿ' ಕಂಡರೆ ಸಾಕು. ನಾನು ಹಾಗೆ ಓಡಿ ಹತ್ತಿದ ಬಸ್ಸು ಸಿರುಗುಪ್ಪದ್ದಾಗಿತ್ತು. ಪುಣ್ಯಕ್ಕೆ ಸಿರುಗುಪ್ಪ ಅದೇ ದಾರಿಯಲ್ಲಿದೆ.

ಬಳ್ಳಾರಿಯ ಕುಂಬಾರ ಗುಡ್ಡವನ್ನೂ ಮಿದುಳು ಓದದೆ ಬಿಟ್ಟಿಲ್ಲ. ಒಂದು ಬದಿಯಿಂದ ನೋಡಿದರೆ ಬಂಡೆಗಳ ಸಾಲು ಮನುಷ್ಯನ ಮುಖದಂತೆ ತೋರುವುದರಿಂದ ಅದಕ್ಕೆ ಫೇಸ್ ಹಿಲ್ ಎಂಬ ಹೆಸರೂ ಬಿದ್ದಿದೆ. ಹಣೆ, ಮೂಗು ಒಮ್ಮೆ ಕಂಡವೋ, ಆಮೇಲೆ ಅದನ್ನು ಬರೀ ಕಲ್ಲುಗುಂಡುಗಳಾಗಿ ನೋಡಲು ನೀವು ಏನು ಮಾಡಿದರೂ ಆಗುವುದಿಲ್ಲ. ಮಿದುಳಿನ ಕೆಳಭಾಗದಲ್ಲಿ ಮುಖ ಕಂಡಾಗ ಚುರುಕಾಗುವ ಪ್ರದೇಶವೊಂದಿದೆ. 1997ರಲ್ಲಿ ನರವಿಜ್ಞಾನಿ ನ್ಯಾನ್ಸಿ ಕ್ಯಾನ್ವಿಶರ್ ಅವರ ತಂಡ ಅದಕ್ಕೆ ಹೆಸರಿಟ್ಟಿತು. ಬರೆದ ಪದ ಕಂಡಾಗ ಚುರುಕಾಗುವ ತಾಣ ಅದರ ನೆರೆಯಲ್ಲೇ, ಎಡಬದಿಯಲ್ಲಿದೆ. ಮುಖ ಗುರುತಿಸುವ ಕೆಲಸ ಬಲು ಹಳೆಯದು, ಲಿಪಿ ಹುಟ್ಟಿ ಐದಾರು ಸಾವಿರ ವರ್ಷವಷ್ಟೇ ಆಗಿದೆ. ಓದಲೆಂದೇ ಮಿದುಳಿನಲ್ಲಿ ಜಾಗ ರೂಪುಗೊಳ್ಳಲು ಅಷ್ಟು ಕಾಲ ಸಾಲದು. ಆಕಾರಗಳನ್ನು ಗುರುತಿಸುತ್ತಿದ್ದ ಹಳೆಯ ಜಾಗವನ್ನೇ ಅಕ್ಷರಗಳು ಹಿಡಿದುಕೊಂಡಿವೆ ಎನ್ನುತ್ತಾರೆ ಫ್ರೆಂಚ್ ವಿಜ್ಞಾನಿ ಸ್ಟಾನಿಸ್ಲಾಸ್ ದಹೇನ್. ನನಗೂ ಅದು ಒಪ್ಪಿಗೆಯಾಗುತ್ತದೆ. ನಾವು 'ಆಶೀರ್ವದಿಸಬೇಕಾಗಿ' ಎಂಬುದನ್ನು ಓದುವುದಿಲ್ಲ, ಪರಿಚಿತರ ಮುಖದಂತೆ ಗುರುತು ಹಿಡಿದು ತಲೆಯಾಡಿಸಿ ಮುಂದೆ ಹೋಗುತ್ತೇವೆ.

ಅಚ್ಚಿಗಾಗಿ ಅಕ್ಷರದ ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಇಂಥ ಮೈಮರೆವಿಗೆ ಆಸ್ಪದ ಕಡಿಮೆಯಿತ್ತು. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಪದದ ಮುಖವೇ ಕಾಣದ ಮೇಲೆ ಎರಡನೆಯ ತರಗತಿಯ ಹುಡುಗಿಯಂತೆ ಒಂದೊಂದೇ ಅಕ್ಷರ ನೋಡಬೇಕಾಗುತ್ತದೆ.

ಹೊಸ ಕಾರ್ಡಿಗೆ ಹೊತ್ತಿರಲಿಲ್ಲ, ಐನೂರನ್ನೂ ಹಾಗೆಯೇ ಹಂಚಿದೆವು. ಮದುವೆಗೆ ಬಂದವರಾರೂ ಅದರ ಮಾತೆತ್ತಲಿಲ್ಲ. ಕೊನೆಯ ಪಂಕ್ತಿಯಲ್ಲಿ, ಹಿಂದೊಮ್ಮೆ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಹೋಳಿಗೆ ಮುಗಿಸಿ, ಕೈ ತೊಳೆದು, ಅಕ್ಷತೆ ಹಿಡಿದು ದೊಡ್ಡಪ್ಪನ ಬಳಿ ಬಂದರು. 'ಮೇಷ್ಟ್ರೇ, ಆಶೀರ್ವದಿಸುವುದು ನನಗೆ ಗೊತ್ತು. ಆಶೀರ್ದವಿಸುವುದು ಹೇಗೆ, ಸ್ವಲ್ಪ ತೋರಿಸಿ' ಎಂದರು.